ಚಂದ್ರಶಿಲೆಯ ಇಳಿಜಾರಿನಲ್ಲಿ ಕೇಳಿದ ‘ನಾಲ್ಕು’

ದೆವ್ವ, ಶಕುನ, ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಮುಟ್ಟುವುದು, ಇಂಥ ಮಾತು ಶುರುವಾದರೆ ಎದ್ದು ಹೋಗಿ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಳ್ಳುವ ಪೈಕಿ ನಾನು. ಮೆಲ್ಬರ್ನಿನ ಟ್ರುಗನಿನಾದಲ್ಲಿರುವ ಔಷಧಿಗಳ ಒಂದು ವೇರ್‌ಹೌಸ್‌ನಲ್ಲಿ ನನಗೆ ಕ್ವಾಲಿಟಿ ವಿಭಾಗದ ಕೆಲಸ. ಕೋಲ್ಡ್ ರೂಮಿನ ಉಷ್ಣತೆ ಅರ್ಧ ಡಿಗ್ರಿ ಏರಿದರೂ ನಾನೊಂದು ಫಾರಂ ತುಂಬಬೇಕು. ಅದರಲ್ಲಿ ‘ಮೂಲ ಕಾರಣ’ ಎಂದು ಒಂದು ಚೌಕವಿದೆ. ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಫಾರಂ ಮುಚ್ಚುವುದಕ್ಕೇ ಬಿಡುವುದಿಲ್ಲ. ವರ್ಷಗಟ್ಟಲೆ ಅದನ್ನು ತುಂಬಿ ತುಂಬಿ, ಕಾರಣವಿಲ್ಲದ್ದು ಈ ಲೋಕದಲ್ಲಿ ಇಲ್ಲವೇ ಇಲ್ಲ ಎಂದು ನಂಬಿಬಿಟ್ಟಿದ್ದೆ. ಪಕ್ಕದ ವೆರಿಬೀ ಬಡಾವಣೆಯ ಗೆಳೆಯನೊಬ್ಬ ತಮ್ಮ ಹಳೆಯ ಮನೆಯಲ್ಲಿ ಬಾಗಿಲು ತಾನಾಗಿ ಕಿರ್ರೆನ್ನುತ್ತಿದ್ದ ಕತೆ ಹೇಳಿದಾಗ, “ಎರಡು ತೊಟ್ಟು ಎಣ್ಣೆ ಬಿಟ್ಟಿದ್ರೆ ನಿಮ್ಮ ದೆವ್ವ ಅವತ್ತೇ ಹೋಗ್ತಿತ್ತು” ಎಂದು ಎಲ್ಲರೆದುರು ನಗಾಡಿದ್ದೆ. ಅವನು ಇದನ್ನು ಓದಿದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಬಿಡದಿದ್ದರೆ ಬೇಡ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ಪದ್ಮಾ ಆಂಟಿಯ ವಿಷಯ ಹೇಳಬೇಕು. ನಾನು ಓದಲು ಸಿಡ್ನಿಗೆ ಬಂದಾಗ ಮ್ಯಾಕ್ವೆರಿ ಪಾರ್ಕ್ ಹತ್ತಿರದ ಅವರ ಮನೆಯಲ್ಲಿ ಒಂದು ರೂಮಿನಲ್ಲಿದ್ದೆ. ಮೈಸೂರಿನವರು. ಗಂಡ ತೀರಿಕೊಂಡ ಮೇಲೆ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಮಗಳು ಸುಮಾಳನ್ನು ಒಬ್ಬರೇ ಬೆಳೆಸಿದವರು. ನಾನು ಬಂದ ಮೊದಲ ಭಾನುವಾರ ರೂಮಿನಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದನ್ನು ನೋಡಿ, “ಮುಖ ಊದಿಸ್ಕೊಂಡು ಕೂರೋದಕ್ಕೆ ಇಷ್ಟು ದೂರ ಬಂದ್ಯೇನೋ? ಏಳು, ಶೂ ಹಾಕ್ಕೋ” ಎಂದು ಬ್ಲೂ ಮೌಂಟನ್ಸ್‌ಗೆ ಕರೆದುಕೊಂಡು ಹೋದರು. ಆವತ್ತು ಶುರುವಾದ ನಡಿಗೆ ನಿಲ್ಲಲೇ ಇಲ್ಲ. ನನಗೆ ಮದುವೆಯಾಗಿ, ಇಲ್ಲೇ ಕಾಯಂ ನೆಲೆಸುವ ಪಿಆರ್ ಬಂದು, ನಾವು ಮೆಲ್ಬರ್ನಿಗೆ ಹೋದ ಮೇಲೂ ವರ್ಷಕ್ಕೆ ಮೂರ್ನಾಲ್ಕು ಸಲ ಅವರು ಇಲ್ಲಿಗೆ ಬರುವುದು, ಇಲ್ಲವೇ ನಾವು ಅಲ್ಲಿಗೆ ಹೋಗುವುದು ನಡೆದೇ ಇತ್ತು.

ನಡೆಯುವಾಗ ಅವರದೊಂದು ಕಟ್ಟುನಿಟ್ಟು. ಪ್ರತಿ ತಿರುವಿನಲ್ಲೂ ನಿಂತು ಎಣಿಕೆ ಕೂಗಬೇಕು. ಮುಂದಿರುವವರು ‘ಒಂದು’ ಎಂದರೆ ಹಿಂದಿನವರು ‘ಎರಡು’ ಎನ್ನಬೇಕು. ಕೊನೆಯವರ ಸಂಖ್ಯೆ ಕೇಳುವ ತನಕ ಯಾರೂ ಹೆಜ್ಜೆ ಎತ್ತುವ ಹಾಗಿಲ್ಲ. ಅದೂ ಕನ್ನಡದಲ್ಲೇ. ಬೇರೆ ಗುಂಪಿನವರ ಎಣಿಕೆಯ ಜೊತೆ ಕಲಸಿಹೋಗಬಾರದು ಎನ್ನುವುದು ಅವರು ಕೊಡುತ್ತಿದ್ದ ಕಾರಣ. ನಮ್ಮ ಮಗಳು ನಿಧಿ ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಆದರೆ ‘ಒಂದು’ ಮಾತ್ರ ಅಚ್ಚುಕಟ್ಟಾಗಿ ಕೂಗುತ್ತಿದ್ದಳು. ನನ್ನ ಹೆಂಡತಿ ಸವಿತಾ ಎರಡು, ನಾನು ಮೂರು. ಕೊನೆಯ ಜಾಗ ಯಾವತ್ತೂ ಆಂಟಿಯದು. ಅವರು ‘ನಾಲ್ಕು’ ಎಂದು ಸ್ವಲ್ಪ ಎಳೆದು, ನಮ್ಮನ್ನು ಛೇಡಿಸುವ ಹಾಗೆ ಹೇಳುತ್ತಿದ್ದರು.

ಹಿಮಾಲಯದ ತುಂಗನಾಥ ದೇವಸ್ಥಾನ ನೋಡಬೇಕೆನ್ನುವುದು ಅವರದೇ ಆಸೆ. ಡೆಲ್ಲಿಗೆ ಟಿಕೆಟ್, ಬೆಟ್ಟದ ಕೆಳಗಿನ ಊಖೀಮಠದಲ್ಲಿ ಹೋಟೆಲು, ಎಲ್ಲವನ್ನೂ ನಾಲ್ಕು ಜನರಿಗೆ ಬುಕ್ ಮಾಡಿ ಆಗಿತ್ತು. ಆದರೆ ಆ ವರ್ಷ ಅವರ ‘ನಾಲ್ಕು’ ಕ್ಷೀಣಿಸುತ್ತ ಬಂದಿತ್ತು. ನಾವು ನಿಂತು ಕಾಯಬೇಕಾಗುತ್ತಿತ್ತು, ಆಮೇಲೆ ಏದುಸಿರಿನ ನಡುವೆ ಅರ್ಧ ಪದ ಕೇಳಿಸುತ್ತಿತ್ತು. ಪರೀಕ್ಷೆ ಮಾಡಿಸಿದಾಗ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಮಾಡಲೇಬೇಕು, ಈ ವಯಸ್ಸಿಗೆ ಅಪಾಯವೂ ಇದೆ ಎಂದರು ಡಾಕ್ಟರು. ಆಪರೇಷನ್ನಿಗೆ ಸಿಕ್ಕ ದಿನ ನೋಡಿದರೆ ನಮ್ಮ ಪ್ರವಾಸದ ನಡುವಿನ ಮಂಗಳವಾರ.

ನಾವು ಎಲ್ಲ ಕ್ಯಾನ್ಸಲ್ ಮಾಡಿ ಸಿಡ್ನಿಗೆ ಬರುತ್ತೇವೆ ಎಂದೆವು. ಫೋನಿನಲ್ಲೇ ಬೈದರು. “ನೀವು ಬಂದು ಆಸ್ಪತ್ರೆ ಹೊರಗಡೆ ಕೂತ್ರೆ ನನ್ನ ಹಾರ್ಟ್‌ಗೆ ಏನ್ ಉಪಯೋಗ? ಸುಮಾ ಇದಾಳೆ. ಹೋಗಿ ನೋಡ್ಕೊಂಡು ಬನ್ನಿ. ಪ್ರಸಾದ ಗೀಸಾದ ತರಬೇಡಿ, ಏರ್‌ಪೋರ್ಟಲ್ಲಿ ಕಿತ್ಕೊಂಡು ಬಿಸಾಕ್ತಾರೆ.” ಆಮೇಲೆ ನಿಧಿಯನ್ನು ಕರೆದು, “ನಾನಿಲ್ಲ ಅಂತ ಎಣಿಸೋದು ಬಿಟ್ಟೀರಾ, ಜೋಕೆ” ಎಂದರು.

ಹೀಗೆ ಮೂವರೇ ಹೋದೆವು. ಮೂರು ವರ್ಷದ ಹಿಂದಿನ ಅಕ್ಟೋಬರ್ ಮೊದಲ ವಾರ ಅದು. ಮೊದಲ ದಿನ ಸಾರಿ ಎಂಬ ಹಳ್ಳಿಯಿಂದ ದೇವರಿಯಾ ತಾಲ್ ಸರೋವರಕ್ಕೆ ಹತ್ತಿದೆವು. ಹಸಿರು ನೀರಿನಲ್ಲಿ ಚೌಖಂಬಾದ ಹಿಮಶಿಖರಗಳು ತಲೆಕೆಳಗಾಗಿ ನಿಂತಿದ್ದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ತಿರುವುಗಳಲ್ಲಿ ಎಣಿಕೆ ಒಂದು, ಎರಡು, ಮೂರಕ್ಕೇ ಮುಗಿದುಬಿಡುತ್ತಿತ್ತು. “ಮೂರಕ್ಕೇ ನಿಲ್ಸಿದ್ರೆ ಏನೋ ಮರೆತು ಬಂದ ಹಾಗಾಗತ್ತೆ ರೀ” ಎಂದಳು ಸವಿತಾ. ನಿಧಿ ಪ್ರತಿ ಸಲವೂ ನನ್ನ ಬೆನ್ನ ಹಿಂದೆ ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಆರಕ್ಕೆ, ತುಂಗನಾಥದ ಕಾಲುದಾರಿ ಶುರುವಾಗುವ ಚೋಪ್ತಾದಿಂದ ಹೊರಟೆವು. ಆಪರೇಷನ್ ಸಿಡ್ನಿಯ ಮಧ್ಯಾಹ್ನಕ್ಕೆ ಎಂದು ಸುಮಾ ಹಿಂದಿನ ದಿನ ಹೇಳಿದ್ದಳು. ಚೋಪ್ತಾದಿಂದ ಮೇಲೆ ಫೋನಿಗೆ ಸಿಗ್ನಲ್ ಇಲ್ಲ. ಒಂಬತ್ತರ ಸುಮಾರಿಗೆ ತುಂಗನಾಥ ತಲುಪಿದೆವು. ಬೂದುಗಲ್ಲಿನ ಸಣ್ಣ ಗುಡಿ, ಕೊರೆಯುವ ನೆಲ, ಬರಿಗಾಲು. ದೇವರಲ್ಲಿ ನಾನು ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಅವತ್ತು ಕೇಳಿದೆ, ನಾಚಿಕೆ ಬಿಟ್ಟು ಕೇಳಿದೆ. ಆಂಟಿ ಉಳಿಯಲಿ ಎಂದು.

ಅಲ್ಲಿಂದ ಮೇಲಿನ ಚಂದ್ರಶಿಲೆಯ ತುದಿಗೆ ಇನ್ನೊಂದು ಗಂಟೆಯ ಏರು. ತುದಿಯಲ್ಲಿ ಬಿಸಿಲಿತ್ತು. ಫೋಟೊ ತೆಗೆದುಕೊಂಡು ಇಳಿಯಲು ಶುರು ಮಾಡಿ ಹತ್ತು ನಿಮಿಷವಾಗಿರಲಿಲ್ಲ, ಕಣಿವೆಯಿಂದ ಮಂಜು ಎದ್ದು ಬಂದು ನಮ್ಮನ್ನು ಮುಚ್ಚಿಬಿಟ್ಟಿತು. ಐದಾರು ಹೆಜ್ಜೆಯಾಚೆ ಏನೂ ಕಾಣದು.

ಇಲ್ಲೇ ನಾನು ತಪ್ಪು ಮಾಡಿದ್ದು. ವಿಕ್ಟೋರಿಯಾದ ಕಾಡುಗಳಲ್ಲಿ ನಡೆದವರಿಗೆ ಕಿತ್ತಳೆ ಬಣ್ಣದ ಗುರುತು ಎಂದರೆ ದಾರಿ. ಮರಕ್ಕೋ ಕಂಬಕ್ಕೋ ಹೊಡೆದ ಕಿತ್ತಳೆ ತ್ರಿಕೋನ ಕಂಡರೆ ಯೋಚಿಸುವುದೇ ಬೇಡ, ಕಾಲು ತಾನಾಗಿ ಅತ್ತ ಹೋಗುತ್ತದೆ. ಆ ಮಂಜಿನಲ್ಲಿ ನನಗೆ ಕಲ್ಲಿನ ಸಣ್ಣ ಗುಪ್ಪೆಯೊಂದರ ಮೇಲೆ ಕೋಲಿಗೆ ಕಟ್ಟಿದ ಕಿತ್ತಳೆ ಬಟ್ಟೆಯ ಚೂರು ಕಂಡಿತು. ಅದರಾಚೆ ಸ್ವಲ್ಪ ಕೆಳಗೆ ಇನ್ನೊಂದು. “ಇಲ್ಲೂ ಮಾರ್ಕರ್ ಹಾಕಿದಾರೆ ನೋಡು!” ಎಂದು ಖುಷಿಯಿಂದ ಹೇಳಿದೆ. ಯಾರೋ ಭಕ್ತರು ಹರಕೆಗೆ ಕಟ್ಟಿದ ಕಾವಿ ಬಟ್ಟೆ ಅದು ಎಂದು ಹಿಂದೂ ದೇವರ ಬೆಟ್ಟದ ಮೇಲೆ ನಿಂತ ನನಗೆ ಹೊಳೆಯಲಿಲ್ಲ! ನಿಧಿ ಮುಂದೆ, ನಾವಿಬ್ಬರು ಹಿಂದೆ, ಒದ್ದೆ ಹುಲ್ಲಿನ ಮೇಲೆ ಬಟ್ಟೆಯಿಂದ ಬಟ್ಟೆಗೆ ಇಳಿಯುತ್ತಾ ಹೋದೆವು.

ಮೂರನೆಯ ಬಟ್ಟೆಯ ಹತ್ತಿರ ನಿಧಿ ನಿಂತು ಎಣಿಕೆ ಶುರು ಮಾಡಿದಳು. “ಒಂದು.” ಸವಿತಾ “ಎರಡು” ಎಂದಳು. ನಾನು “ಮೂರು” ಎಂದೆ.

“ನಾಲ್ಕು.”

ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ. ಎಡಗಡೆಯಿಂದ, ನಮಗಿಂತ ಕೊಂಚ ಮೇಲಿನಿಂದ ಬಂತು. ಗಾಳಿಯ ಸದ್ದಲ್ಲ, ಪಿಸುಮಾತೂ ಅಲ್ಲ. ಮುಕ್ಕಾಲು ಪದ ಹೇಳಿ ಕೊನೆಯಲ್ಲಿ ಎಳೆಯುವ, ಛೇಡಿಸುವ, ಪದ್ಮಾ ಆಂಟಿಯ ‘ನಾಲ್ಕು’. ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು ಸಂಗತಿ. ಅದರಲ್ಲಿ ಏದುಸಿರು ಇರಲಿಲ್ಲ. ಆ ವರ್ಷದ ಸೋತ ದನಿಯಲ್ಲ, ನನಗೆ ಶೂ ಹಾಕಿಸಿ ಹೊರಡಿಸಿದ ಕಾಲದ ತುಂಬು ದನಿ.

ಮೂವರೂ ಕಲ್ಲಿನಂತೆ ನಿಂತೆವು. “ಡ್ಯಾಡ್, ಹೂ ಸೆಡ್ ದಟ್?” ಎಂದಳು ನಿಧಿ. ನಾನು ಉತ್ತರ ಕೊಡುವ ಮೊದಲೇ ಅವಳು ಮಂಜಿನ ಕಡೆ ತಿರುಗಿ ಜೋರಾಗಿ ಕೂಗಿದಳು: “ಆಂಟೀ, ಎಲ್ಲಿದ್ದೀರಾ?” ಮಗಳ ಬಾಯಲ್ಲಿ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿ ಅದೆಷ್ಟು ಕಾಲವಾಗಿತ್ತೋ. ಉತ್ತರ ಬರಲಿಲ್ಲ. ಸವಿತಾ ಹುಲ್ಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. “ಹೋಗ್ಬಿಟ್ರು ರೀ. ಹೇಳಿ ಹೋಗೋದಕ್ಕೆ ಬಂದಿದ್ದಾರೆ.” ನನಗೂ ಅದೇ ಅನ್ನಿಸಿತ್ತು.

ನಿಧಿಯೇ ನಮ್ಮಿಬ್ಬರನ್ನು ಎಬ್ಬಿಸಿದಳು. ಕೊನೆಯವರು ಹಿಂದೆ ಬಿದ್ದಿದ್ದರೆ ಅವರಿದ್ದ ಕಡೆಗೆ ಎಲ್ಲರೂ ಹೋಗಬೇಕು, ಅದು ಆಂಟಿಯ ನಿಯಮ ಎಂದು ಇಂಗ್ಲಿಷಿನಲ್ಲಿ ಹೇಳಿ ಎಡಕ್ಕೆ ಹತ್ತತೊಡಗಿದಳು. ನಾವು ಹಿಂದೆಯೇ ಹೋದೆವು. ಐವತ್ತು ಹೆಜ್ಜೆ ಇರಬಹುದು, ಕಾಲಿಗೆ ಕಲ್ಲು ಸಿಕ್ಕಿತು. ಬೆಳಿಗ್ಗೆ ನಾವು ಹತ್ತಿ ಬಂದಿದ್ದ ಸವೆದ ಕಾಲುದಾರಿ ಅದು. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಂಜು ಹರಿದು ಕೆಳಗಿನ ಇಳಿಜಾರು ಕಂಡಿತು. ಮೂರನೆಯ ಬಟ್ಟೆಯಿಂದ ಹತ್ತು ಹನ್ನೆರಡು ಮಾರು ಕೆಳಗೆ ಹುಲ್ಲು ಮುಗಿದಿತ್ತು. ಆಚೆ ಗುಡ್ಡ ಕುಸಿದು ಕೆಂಪು ಮಣ್ಣು ನೇರ ಕಣಿವೆಗೆ ಇಳಿದಿತ್ತು. ನಿಧಿ ಎಲ್ಲರಿಗಿಂತ ಮುಂದಿದ್ದಳು. ಆ ಅಂಚನ್ನು ಅವಳು ಸಮಯಕ್ಕೆ ಸರಿಯಾಗಿ ನೋಡಿ ನಿಲ್ಲುತ್ತಿದ್ದಳೇನೋ. ನಿಲ್ಲುತ್ತಿದ್ದಳು ಎಂದೇ ನಾನು ನನಗೆ ಹೇಳಿಕೊಳ್ಳುತ್ತೇನೆ.

ತುಂಗನಾಥದ ಚಹಾದಂಗಡಿಯವನನ್ನು ಕೇಳಿದೆ, ನಮ್ಮ ಭಾಷೆ ಮಾತಾಡುವ ಹೆಂಗಸು ಯಾರಾದರೂ ಮೇಲೆ ಹೋಗಿದ್ದರಾ ಎಂದು. ಬಂಗಾಳದವರು ಇಬ್ಬರು, ಡೆಲ್ಲಿಯ ಹುಡುಗರು ಒಂದಷ್ಟು ಜನ, ಬಿಟ್ಟರೆ ನೀವು ಮೂವರೇ ಎಂದ ಅವನು, ಹಿಂದಿಯಲ್ಲಿ. ಅಲ್ಲಿಂದ ಚೋಪ್ತಾ ತನಕ ತಿರುವುಗಳಲ್ಲಿ ನಾವು ಎಣಿಸಲಿಲ್ಲ. ಎಣಿಸಿದರೆ ಮತ್ತೆ ಕೇಳಿಸಬಹುದೆಂಬ ಭಯವೋ, ಕೇಳಿಸಲಿಕ್ಕಿಲ್ಲವೆಂಬ ಭಯವೋ, ನನಗೆ ಗೊತ್ತಿಲ್ಲ.

ಬಾಡಿಗೆ ಕಾರು ಊಖೀಮಠದ ಹತ್ತಿರ ಬಂದಾಗ ಫೋನು ಒಂದೇ ಸಮನೆ ಟಿಂಗುಟ್ಟತೊಡಗಿತು. ನಾನು ತೆಗೆಯಲಿಲ್ಲ. ಕೈ ಬರಲಿಲ್ಲ. ಸವಿತಾ ಕಣ್ಣು ಮುಚ್ಚಿ ಕೂತಿದ್ದಳು. ನಿಧಿ ನನ್ನ ಜೇಬಿಗೆ ಕೈ ಹಾಕಿ ಫೋನು ತೆಗೆದು ಓದಿದಳು. ಆಪರೇಷನ್ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು, ಅದಕ್ಕಾಗಿ ನಿಲ್ಲಿಸಿದ್ದ ಹೃದಯ ಮತ್ತೆ ಶುರುವಾಗಲು ಸ್ವಲ್ಪ ಸತಾಯಿಸಿತು, ಈಗ ಚೆನ್ನಾಗಿದ್ದಾರೆ ಎಂದು ಸುಮಾ ಬರೆದಿದ್ದಳು. ಕಾರಿನಲ್ಲಿ ಮೂವರೂ ಅತ್ತೆವು. ಡ್ರೈವರ್ ಗಾಬರಿಯಾಗಿ ಗಾಡಿ ನಿಲ್ಲಿಸಿದ.

ಕಾರಣ ಹುಡುಕದೆ ಬಿಡುವವನಲ್ಲ ನಾನು. ಮೂರಾದ ಮೇಲೆ ನಾಲ್ಕು ಕೇಳುವುದು ಕಿವಿಗೆ ರೂಢಿ, ಮನಸ್ಸು ತುಂಬಿಕೊಂಡಿತು ಎನ್ನೋಣ. ಆದರೆ ಮೂರು ಮನಸ್ಸುಗಳೂ ಅದನ್ನು ಒಂದೇ ದಿಕ್ಕಿನಲ್ಲಿ ಇಟ್ಟವೇ? ದನಿ ಕೇಳಿದ ಹೊತ್ತೂ ಹೃದಯ ಸತಾಯಿಸಿದ ಹೊತ್ತೂ ಹೊಂದುತ್ತವೆಯೇ ಎಂದು ಲೆಕ್ಕ ಹಾಕಿದೆ. ಅದೇ ವಾರ ಬೇಸಿಗೆಯ ಸಮಯವೆಂದು ಸಿಡ್ನಿಯ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ಮಂಜಿನಲ್ಲಿ ನಾನಂತೂ ವಾಚು ನೋಡಿರಲಿಲ್ಲ. ಹೃದಯ ಸತಾಯಿಸಿದ್ದು ಸರಿಯಾಗಿ ಎಷ್ಟು ಗಂಟೆಗೆ ಎಂದು ಸುಮಾ ಮೂಲಕ ಡಾಕ್ಟರನ್ನು ಕೇಳಿಸಬಹುದಿತ್ತು. ಕೇಳಿಸಲಿಲ್ಲ. ಈ ಒಂದು ಫಾರಂನಲ್ಲಿ ಆ ಚೌಕ ಖಾಲಿಯೇ ಇದೆ, ನಾನೂ ಅದನ್ನು ಮುಚ್ಚುವ ಅವಸರ ಮಾಡಿಲ್ಲ.

ಸಿಡ್ನಿಗೆ ಹೋಗಿ ಆಂಟಿಗೆ ಎಲ್ಲ ಹೇಳಿದಾಗ ಅವರು ಎದೆಯ ಮೇಲೆ ದಿಂಬು ಒತ್ತಿಕೊಂಡು ನಕ್ಕರು. ನಕ್ಕರೆ ಹೊಲಿಗೆ ನೋಯುತ್ತಿತ್ತಂತೆ. “ನಾನ್ಯಾಕೋ ಅಲ್ಲಿಗೆ ಬರ್ಲಿ? ಬಾಯೊಳಗೆ ಟ್ಯೂಬ್ ಇಟ್ಕೊಂಡು ಬಿದ್ದಿದ್ದೆ. ಒಂದ್ ಕನಸೂ ಬಿದ್ದಿಲ್ಲ ನಂಗೆ.” ಆಮೇಲೆ ದಿಂಬು ಪಕ್ಕಕ್ಕಿಟ್ಟು, “ನಿಧಿ ಕನ್ನಡದಲ್ಲಿ ಕರೆದ್ಲಾ? ನಿಜವಾಗ್ಲೂ?” ಎಂದು ಎರಡು ಸಲ ಕೇಳಿದರು.

ಈಗ ಅವರು ಮತ್ತೆ ನಡೆಯುತ್ತಾರೆ. ನಿಧಾನ, ಆದರೆ ಏದುಸಿರಿಲ್ಲ. ನಿಧಾನ ನಡೆಯುವವರು ಮುಂದಿರಬೇಕೆಂಬುದು ಆಪರೇಷನ್ ಆದ ಮೇಲೆ ಅವರೇ ಮಾಡಿದ ಹೊಸ ನಿಯಮವಾದ್ದರಿಂದ ಅವರೇ ಈಗ ‘ಒಂದು’. ಕೊನೆಯ ಜಾಗವನ್ನು ನಿಧಿ ಕೇಳಿ ಪಡೆದುಕೊಂಡಿದ್ದಾಳೆ. ಕಳೆದ ತಿಂಗಳು ಬ್ಲೂ ಮೌಂಟನ್ಸ್‌ನಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಒಂದು ತಿರುವಿನಲ್ಲಿ ನಿಂತೆವು. ಆಂಟಿ ಒಂದು ಎಂದರು, ಸವಿತಾ ಎರಡು, ನಾನು ಮೂರು. ನಿಧಿ ಕೊನೆಯಲ್ಲಿ ಸ್ವಲ್ಪ ಎಳೆದು “ನಾಲ್ಕು” ಎಂದಳು. ಎಣಿಕೆ ಮುಗಿದಿತ್ತು. ಆದರೂ ನಾವು ಮೂವರು ಹೆಜ್ಜೆ ಎತ್ತಲಿಲ್ಲ. ಯಾರೂ ಯಾರ ಮುಖವನ್ನೂ ನೋಡದೆ ಕಿವಿ ಕೊಟ್ಟು ನಿಂತಿದ್ದೆವು.

ಆಂಟಿ ಕೋಲೂರಿ ಹಿಂದಿರುಗಿ ನೋಡಿದರು. “ಎಲ್ರೂ ಬಂದಾಯ್ತಲ್ಲ. ಇನ್ಯಾರಿಗೆ ಕಾಯ್ತಿದ್ದೀರಾ? ನಡೀರಿ.”