ಅತ್ತಿಗೆ ಮುಷ್ಟಿ ಎತ್ತಿದಾಗ

ದೊಡ್ಡಬಳ್ಳಾಪುರದ ಮಗ್ಗದ ಮನೆಯವರು ನಾವು. ಪವರ್‌ಲೂಮ್ ಸದ್ದಲ್ಲಿ ಮಾತು ಕೇಳಿಸೋದಿಲ್ಲ, ಕೈಸನ್ನೆಯೇ ಗತಿ. ಮುಷ್ಟಿ ಮೇಲೆತ್ತಿದರೆ ‘ನಿಲ್ಸು’ ಅಂತ ಅರ್ಥ.

ಸೀರೆ ಕೊಡೋಕೆ ದೇವನಹಳ್ಳಿಗೆ ಹೋದ ನಾನೂ ಅತ್ತಿಗೆಯೂ ಆಸೆಪಟ್ಟು ಅಲ್ಲಿನ ಯುರೋಪ್ ಥರದ ಕಾಫಿಹೌಸಿಗೆ ನುಗ್ಗಿದೆವು. ನಮ್ಮ ಮೇಜಿನ ಪಕ್ಕದಲ್ಲೇ ಪಿಟೀಲು, ಡ್ರಮ್ಸ್ ಜೋರಾಗಿ ನಡೀತಿತ್ತು. ನಾನು ಮೂರನೇ ಕೇಕಿಗೆ ಕೈಹಾಕಿದ್ದೇ ತಡ, ಅತ್ತಿಗೆ ಅಭ್ಯಾಸಬಲದಿಂದ ಮುಷ್ಟಿ ಎತ್ತಿದರು.

ವಾದ್ಯಗಳೆಲ್ಲ ಟಕ್ಕಂತ ನಿಂತುಹೋದವು!

“ಏನಾಯ್ತು ಮೇಡಂ? ನಮ್ಮಲ್ಲೂ ಮುಷ್ಟಿ ಎತ್ತಿದ್ರೆ ನಿಲ್ಸು ಅಂತಾನೇ ಅರ್ಥ!” ಪಿಟೀಲಿನವನು ಗಾಬರಿಯಿಂದ ಕೇಳಿದ.

“ನಿಮಗಲ್ಲಪ್ಪಾ, ಇವಳಿಗೆ! ತಿಂದಿದ್ದು ಸಾಕು ಅಂದೆ. ನೀವು ಬಾರ್ಸಿ!” ಅತ್ತಿಗೆ ಮಗ್ಗದ ಮನೆಯ ಗಂಟಲಲ್ಲೇ ಕೂಗಿದರು. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನನಗಂತೂ ಕಾಫಿ ನೆತ್ತಿಗೇರಿತು.

ದಾರಿಯುದ್ದಕ್ಕೂ ಅತ್ತಿಗೆ ಬೀಗ್ತಾನೇ ಇದ್ದರು: “ನಿಮ್ಮಣ್ಣ ಒಂದು ದಿನಾನೂ ಹೀಗೆ ಒಂದೇ ಸಲಕ್ಕೆ ಮಗ್ಗ ನಿಲ್ಸಿಲ್ಲ ಕಣೇ!”

ಕೇಕ್ ತಿನ್ನೋದನ್ನ ನಾನೂ ನಿಲ್ಸಿರಲಿಲ್ಲ ಅನ್ನಿ.