ಕೆಂಪು ನೆಲದ ಮೇಲಿನ ಬಿಳಿ ಗೆರೆ

ಅತ್ತೆಯ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಪುಟ್ಟ ಪುಟ್ಟ ಉರುಟು ಗುರುತುಗಳಿರುತ್ತಿದ್ದವು. ಆಟಿಕೆಯ ಪ್ಲಾಸ್ಟಿಕ್ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸುವಾಗ ಚರ್ಮದ ಮೇಲೆ ಮೂಡಿದ ಗುರುತುಗಳು. ಸಂಜೆ ನನಗೆ ಚಹಾದ ಲೋಟ ಕೊಡುವಾಗ ಅವು ಕಾಣುತ್ತಿದ್ದವು. ಇವತ್ತು ರೋಬೋಟನ್ನು ಎಷ್ಟು ಬಿಚ್ಚಿ ಕಟ್ಟಿದ್ದಾರೆ ಎಂಬ ಅಂದಾಜು ನನಗೆ ಅದರಿಂದಲೇ ಸಿಗುತ್ತಿತ್ತು.

ಕಾಪುವಿನಲ್ಲಿ ನಮ್ಮ ಓಣಿಯ ಹೆಂಗಸರ ರವಿಕೆಗಳನ್ನೆಲ್ಲ ಬಹಳ ಕಾಲ ಹೊಲಿದವರು ಅವರು. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟ ಮೇಲೂ ಅಳತೆಯ ಟೇಪು ಕೊರಳಿನಿಂದ ಇಳಿಯಲಿಲ್ಲ. ಮಂಗಳೂರಿನ ಮಗಳ ಮನೆಯಲ್ಲಿ ಮೊಮ್ಮಗನಿಗೆ ಕ್ರಿಕೆಟ್ ಹುಚ್ಚು ಹಿಡಿದಾಗ, ಅವನ ರೋಬೋಟ್ ಕಟ್ಟುವ ಆಟಿಕೆ ಗೋಣಿಚೀಲದಲ್ಲಿ ನಮ್ಮ ಮನೆಗೆ ಬಂತು. ಗುಜರಿಗೆ ಹಾಕಲೆಂದು ಬಂದದ್ದು. ಅತ್ತೆ ಅದನ್ನು ಕೆಂಪು ಸಿಮೆಂಟಿನ ನೆಲದ ಮೇಲೆ ಸುರಿದು, ಚಕ್ರ, ಹಲ್ಲುಗಾಲಿ, ಮೋಟಾರು ಎಲ್ಲವನ್ನೂ ಗುಂಡಿ ಮತ್ತು ಹುಕ್ಕಿನ ಹಳೆಯ ಡಬ್ಬಿಗಳಿಗೆ ಬೇರೆ ಬೇರೆಯಾಗಿ ತುಂಬಿಸಿದರು. ಗುಜರಿಯವನು ಬಂದವನು ಬರಿಗೈಯಲ್ಲಿ ಹೋದ.

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗ ಹೆಚ್ಚು ದಿನವಾಗಿರಲಿಲ್ಲ. ನನ್ನ ಅಪ್ಪ ಅವ್ವ ಗದಗದ ಕಡೆಯಿಂದ ಮಣಿಪಾಲಕ್ಕೆ ಕಟ್ಟಡ ಕೆಲಸಕ್ಕೆ ಬಂದವರು. ನಾನು ಅಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಅತ್ತೆಯ ಮಗನನ್ನು ಮೆಚ್ಚಿ ಮದುವೆಯಾದಾಗ ನೆಂಟರು ನನ್ನನ್ನು ತುಳುವಿನಲ್ಲಿ ಘಟ್ಟದ ಹುಡುಗಿ ಎಂದು ಪಿಸುಗುಟ್ಟಿದ್ದು ನನಗೆ ಅರ್ಥವಾಗದೆ ಇರಲಿಲ್ಲ. ಗಂಡ ಬೋಟಿನಲ್ಲಿ ಸಮುದ್ರಕ್ಕೆ ಹೋದರೆ ವಾರಗಟ್ಟಲೆ ಮನೆಯಲ್ಲಿ ನಾವಿಬ್ಬರೇ. ಅತ್ತೆ ಒಂದು ದಿನವೂ ಬೈಯಲಿಲ್ಲ. ಆದರೆ ಸಂಜೆ ನಾನು ದೇವರ ಕೋಣೆಯ ಕಡೆ ಹೆಜ್ಜೆ ಇಟ್ಟರೆ, "ಅದು ಇರಲಿ, ನಾನು ಮಾಡ್ತೇನೆ" ಎನ್ನುತ್ತಿದ್ದರು. ಅಷ್ಟೇ ಮಾತು. ನಾನು ಹೊಸ್ತಿಲಿನಿಂದಲೇ ಕೈಮುಗಿದು ಹಿಂದೆ ಬರುತ್ತಿದ್ದೆ. ಬೈದಿದ್ದರೆ ಜಗಳವಾಡಬಹುದಿತ್ತು, ಮರ್ಯಾದೆಯಿಂದ ಹೊರಗಿಟ್ಟರೆ ಯಾರ ಹತ್ತಿರ ಹೇಳುವುದು?

ಅವರು ನನ್ನೊಡನೆ ಉದ್ದಕ್ಕೆ ಮಾತಾಡಿದ್ದೇ ರೋಬೋಟಿನ ದೆಸೆಯಿಂದ. "ಫೋನಿನಲ್ಲಿ ಎಂತದೋ ಇಂಗ್ಲಿಷ್ ಬರ್ತದೆ, ಓದಿ ಹೇಳು ನೋಡುವ" ಎಂದು ಒಂದು ಸಂಜೆ ಕರೆದರು. ರೋಬೋಟು ಏನು ಮಾಡಬೇಕೆಂಬುದನ್ನು ಫೋನಿನ ಪರದೆಯ ಮೇಲೆ ಬಣ್ಣದ ಚೌಕಗಳನ್ನು ಒಂದಕ್ಕೊಂದು ಜೋಡಿಸಿ ಹೇಳಬೇಕಿತ್ತು. ನಾನು ಓದಿ ಹೇಳಿದೆ. ಅವರು ಕೇಳಿಸಿಕೊಂಡು, "ಓ, ಕೈ ಬೇರೆ, ಕೊರಳು ಬೇರೆ ಕತ್ತರಿಸಿ ಆಮೇಲೆ ಕೂಡಿಸುವುದು. ರವಿಕೆಯ ಹಾಗೆಯೇ" ಎಂದರು. ತಪ್ಪಾದಾಗ ನಾನು ಮುಖ ಸಣ್ಣ ಮಾಡಿದರೆ, "ಬಿಚ್ಚಲು ಬಾರದವಳಿಗೆ ಹೊಲಿಯಲೂ ಬಾರದು ಮಾರಾಯ್ತಿ" ಎಂದು ತಾವೇ ಮೊದಲು ಬಿಚ್ಚುತ್ತಿದ್ದರು.

ಮೂರು ಚಕ್ರದ ಡಬ್ಬಿಯಂಥ ಆ ರೋಬೋಟನ್ನು ಅವರು 'ಬಾಲೆ' ಎಂದು ಕರೆಯುತ್ತಿದ್ದರು, ಅಂದರೆ ತುಳುವಿನಲ್ಲಿ ಮಗು. ಅದರ ಜೊತೆ ತುಳು, ನನ್ನ ಜೊತೆ ಪುಸ್ತಕದ ಹಾಗಿನ ಕನ್ನಡ. ಸುಳ್ಳೇಕೆ ಹೇಳಲಿ, ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವರ ಮಂಚದಿಂದ ಜಗಲಿಯವರೆಗೆ ಅದು ಎಲೆಅಡಿಕೆಯ ಡಬ್ಬಿ ಹೊತ್ತು ಬರಬೇಕೆಂಬುದು ಅತ್ತೆಯ ಆಸೆ. ನೆಲದ ಮೇಲೆ ಒಂದು ಗೆರೆ ಎಳೆದರೆ, ಹೊಟ್ಟೆಯಡಿಯ ಪುಟ್ಟ ಕಣ್ಣಿನಿಂದ ಅದನ್ನು ನೋಡುತ್ತ ಹೋಗುತ್ತದೆ ಎಂದು ಫೋನಿನಲ್ಲಿ ಬರೆದಿತ್ತು. ಅತ್ತೆ ಹಬ್ಬಕ್ಕೆ ತಂದಿದ್ದ ಶೇಡಿಮಣ್ಣು ಕಲಸಿ, ಕೆಂಪು ನೆಲದ ಮೇಲೆ ಅಂದದ ಬಿಳಿ ಗೆರೆ ಎಳೆದರು. ಕುರುಡರಿಗೂ ಕಾಣುವಂಥ ಗೆರೆ. ಬಾಲೆಗೆ ಮಾತ್ರ ಕಾಣಲಿಲ್ಲ. ಅದು ನೆಟ್ಟಗೆ ಹೋಗಿ ಅಕ್ಕಿಯ ಡ್ರಮ್ಮಿಗೆ ಡಿಕ್ಕಿ ಹೊಡೆಯಿತು.

ಆ ವಾರವೆಲ್ಲ ನಮಗೆ ಅದೇ ಧ್ಯಾನ. ಗೆರೆ ದಪ್ಪ ಮಾಡಿದೆವು, ಚಕ್ರ ಬದಲಿಸಿದೆವು. ಅತ್ತೆಗೆ ಬ್ಯಾಟರಿಯ ಮೇಲೆ ಅನುಮಾನ.

"ಬ್ಯಾಟರಿ ಹೊಸಾವು ಅದಾವ್ರೀ" ಎಂದೆ.

"ಅದಾವ್ರೀ" ಎಂದು ನನ್ನ ಹಾಗೆಯೇ ಹೇಳಿ ನಕ್ಕರು. ಆ ಮನೆಯಲ್ಲಿ ನನ್ನ ಮಾತಿಗೆ ಯಾರಾದರೂ ನಕ್ಕರೆ ಬೇಸರವಾಗುತ್ತಿತ್ತು. ಅಂದು ಆಗಲಿಲ್ಲ.

ಒಂದು ಮುಸ್ಸಂಜೆ ಕರೆಂಟಿನ ದೀಪ ಹಾಕುವ ಮೊದಲು ನಾನು ನೆಲಕ್ಕೆ ಕೆನ್ನೆ ತಾಗಿಸಿ ಬಾಲೆಯ ಹೊಟ್ಟೆಯಡಿ ನೋಡಿದೆ. ಆ ಕಣ್ಣಿನ ಪಕ್ಕ ಒಂದು ಸಣ್ಣ ದೀಪ ಉರಿಯುತ್ತಿತ್ತು. "ಅತ್ತೀ, ಇದು ತನ್ನ ದೀಪ ಹಚ್ಕೊಂಡು ನೋಡ್ತೈತ್ರಿ. ದೀಪ ಕೆಂಪೈತಿ" ಎಂದೆ.

ಅತ್ತೆ ಬಾಲೆಯನ್ನು ಎತ್ತಿ ಆ ದೀಪ ನೋಡಿದರು. ನೆಲ ನೋಡಿದರು, ಗೆರೆ ನೋಡಿದರು. ಮಂಡಿ ಹಿಡಿದುಕೊಂಡು ಎದ್ದು, ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು, "ಬಲ, ಉಲಾಯಿ ಬಲ" ಎಂದು ಎಳೆದುಕೊಂಡು ಹೋದರು. ಒಳಗೆ ಬಾ ಎಂದು. ನನ್ನೊಡನೆ ಅವರು ಆಡಿದ ಮೊದಲ ತುಳು ಮಾತು ಅದು.

ಕಿಟಕಿಯಿಲ್ಲದ ಕೋಣೆ. ದೇವರ ಪಟದ ಮೇಲೆ ಕೆಂಪು ಜೀರೋ ಬಲ್ಬು ಉರಿಯುತ್ತಿತ್ತು. ತಟ್ಟೆಯಲ್ಲಿ ಸಂಜೆಯ ಪೂಜೆಗೆ ಕೊಯ್ದಿಟ್ಟ ದಾಸವಾಳಗಳು. "ಇದರಲ್ಲಿ ಬಿಳಿ ಯಾವುದು, ತೋರಿಸು" ಎಂದರು. ನಾನು ಒಂದನ್ನು ಎತ್ತಿದೆ. ಅದನ್ನು ಬಾಗಿಲಿನ ಬೆಳಕಿಗೆ ಹಿಡಿದರು. ಕೆಂಪು.

"ತೂಯನಾ, ನೋಡಿದೆಯಾ? ಕೆಂಪು ದೀಪಕ್ಕೆ ಕೆಂಪೂ ಬಿಳಿಯೂ ಒಂದೇ. ಪಾಪ, ಬಾಲೆಯದ್ದು ಎಂತ ತಪ್ಪುಂಟು? ತನ್ನ ದೀಪದಲ್ಲಿ ಕಂಡ ಹಾಗೆ ನಡೆಯಿತು" ಎಂದು ಮಗುವಿನ ಹಾಗೆ ನಕ್ಕರು.

ನಗು ನಿಂತಿತು. ನಾನು ಎಲ್ಲಿ ನಿಂತಿದ್ದೇನೆ ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ನನ್ನ ಕಾಲು ಹಿಂದೆ ಸರಿಯಿತು. ಅವರ ಕೈ ಮಾತ್ರ ನನ್ನ ಮುಂಗೈಯನ್ನು ಬಿಟ್ಟಿರಲಿಲ್ಲ. ಪಟವನ್ನು ನೋಡಿ, "ಬಂದಾಯಿತಲ್ಲ. ಎಣ್ಣೆ ಆ ಮೂಲೆಯಲ್ಲಿ ಉಂಟು. ಇವತ್ತು ದೀಪ ನೀನು ಇಡು" ಎಂದರು.

ಶೇಡಿಯ ಗೆರೆ ಒರೆಸಿ, ವಯರಿಗೆ ಸುತ್ತುವ ಕಪ್ಪು ಟೇಪು ಅಂಟಿಸಿದೆವು. ಎಲೆಅಡಿಕೆಯ ಡಬ್ಬಿ ಹೊತ್ತು ಬಾಲೆ ತಡವರಿಸುತ್ತ ಜಗಲಿಗೆ ಬಂತು. ಮರುದಿನದಿಂದ ಸಂಜೆಯ ದೀಪ ನನ್ನದಾಯಿತು. ಅದರ ಬಗ್ಗೆ ನಾವು ಯಾವತ್ತೂ ಮಾತಾಡಲಿಲ್ಲ. ಮಾತಾಡಿದ್ದೆಲ್ಲ ತುಳುವಿನಲ್ಲಿ, ಚಕ್ರ ಮತ್ತು ಮೋಟಾರುಗಳ ಬಗ್ಗೆಯೇ.

ಕಳೆದ ಮಳೆಗಾಲದ ಕೊನೆಯಲ್ಲಿ ಅತ್ತೆ ತೀರಿಕೊಂಡರು. ಸೂತಕ ಕಳೆದ ಸಂಜೆ ಪಕ್ಕದ ಎಲ್ಲೂರಿನಿಂದ ಬಂದ ಹಿರಿಯ ನೆಂಟರೊಬ್ಬರು, ಇನ್ನು ದೇವರಿಗೆ ದೀಪ ಯಾರು ಇಡುವುದು ಎಂದು ಕೇಳಿದರು. ಮಂಗಳೂರಿನ ನಾದಿನಿ, "ಇಡುವವಳು ಇಲ್ಲೇ ಇದ್ದಾಳಲ್ವಾ" ಎಂದು ಎಣ್ಣೆಯ ಬಾಟಲಿ ನನ್ನ ಕೈಗೆ ಕೊಟ್ಟಳು. ಒಳಗೆ ಹೋಗಿ ನೋಡಿದರೆ ಬಲ್ಬು ಕೆಟ್ಟಿತ್ತು. ಗಂಡ ಅಂಗಡಿಗೆ ಓಡಿ ಒಂದು ಬಿಳಿ ಬಲ್ಬು ತಂದ. ನಾನು ಅವನನ್ನು ತಿರುಗಿ ಕಳುಹಿಸಿ ಕೆಂಪನ್ನೇ ತರಿಸಿದೆ.

ಈಗಲೂ ದಿನಾ ಸಂಜೆ ಕೆಂಪು ದಾಸವಾಳವನ್ನೂ ಬಿಳಿ ದಾಸವಾಳವನ್ನೂ ಒಂದೇ ತಟ್ಟೆಯಲ್ಲಿಟ್ಟು ಒಳಗೆ ಹೋಗುತ್ತೇನೆ. ಆ ಕೆಂಪು ಬೆಳಕಿನಲ್ಲಿ ಯಾವುದು ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ.