ಅಲ್ಕರವಾನನ ಎಡಗೈ

ಪುವೆಬ್ಲಾ ನಗರದ ಕುಸ್ತಿ ಅಂಗಣದಲ್ಲಿ ಎರಡನೇ ಸಾಲಿನ ಮೂಲೆ ಕುರ್ಚಿ ಮುದುಕಿ ದೋನ್ಯಾ ಹಿಲಾರಿಯಾಳದು. ಸೋಮವಾರ ಸಂಜೆ ಅದರಲ್ಲಿ ಬೇರೆ ಯಾರಾದರೂ ಕೂತರೋ, ಅವರ ವಂಶವನ್ನೇ ಜಾಲಾಡಿಬಿಡುತ್ತಿದ್ದಳು. ಮಡಿಲಲ್ಲಿ ಹುರಿದ ಕುಂಬಳಬೀಜದ ಪೊಟ್ಟಣ, ನಾಲಿಗೆ ತುದಿಯಲ್ಲಿ ಬೈಗುಳ. ಹಳದಿ ಕಣ್ಣಿನ ಹಕ್ಕಿಯ ಮುಖವಾಡ ತೊಟ್ಟ ಜಟ್ಟಿ ಅಲ್ಕರವಾನ್ ಹಗ್ಗ ದಾಟಿ ರಿಂಗಿಗೆ ಬಂದೊಡನೆ ಅವಳ ಗಂಟಲು ತೆರೆಯುತ್ತಿತ್ತು.

"ಲೋ ಹಕ್ಕೀ! ನಿನ್ನ ಎಡಗೈ ಎಲ್ಲಿ ಅಡ ಇಟ್ಟಿದೀಯೋ?"

ಜನ ಹೋ ಎಂದು ನಗುತ್ತಿದ್ದರು. ಮುಖವಾಡದೊಳಗಿನ ಎಲೆವ್ತೇರಿಯೊನ, ಮನೆಯವರ ತೇಯೊನ, ಎದೆ ಮಾತ್ರ ಧಸಕ್ಕೆನ್ನುತ್ತಿತ್ತು. ಹದಿಮೂರು ವರ್ಷಗಳಿಂದ ಅದೇ ಕೂಗು. ಮುದುಕಿಗೆ ಗೊತ್ತಿದೆಯೋ, ಸುಮ್ಮನೆ ಬಾಯಿಚಪಲವೋ ಅವನಿಗೆ ತಿಳಿಯದು.

ಮೊದಲ ಅಲ್ಕರವಾನ್ ಅವನಲ್ಲ, ಅವನ ಅಣ್ಣ ಫಿದೆನ್ಸಿಯೊ. ಚೊಲುಲಾ ಪಕ್ಕದ ಸಾನ್ ದಿಯೇಗೊ ಎಂಬ ಇಟ್ಟಿಗೆ ಗೂಡುಗಳ ಊರಿನ ಎಡಚ. ಎಡಗೈಯಲ್ಲಿ ಒಂದು ಬಿಟ್ಟರೆ ಎದುರಾಳಿ ಅಮ್ಮನನ್ನು ನೆನೆಯಬೇಕು. ಅದಕ್ಕಿಂತ ದೊಡ್ಡದು ಅವನ ಹಾರಾಟ. ಓಡಿಬಂದು ಹಗ್ಗದ ಮೇಲಿಂದ ಹೊರಕ್ಕೆ ಹಾರಿದರೆ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಹಾರಿಬರುವವನನ್ನು ಎದೆಯೊಡ್ಡಿ ಹಿಡಿಯುವುದು ಕೆಳಗೆ ನಿಂತವನ ಧರ್ಮ. ಎಂಥ ಕಡುವೈರಿಯಾದರೂ ಸರಿ, ಅಲ್ಲಿ ಮೋಸ ಮಾಡಬಾರದು. ಹದಿಮೂರು ವರ್ಷದ ಹಿಂದಿನ ಒಂದು ಸೋಮವಾರ ಕೆಳಗೆ ನಿಂತಿದ್ದವನು ಕರಿ ಮುಖವಾಡದ ತಿಸೋನ್. ಬೆವರು ಕಣ್ಣಿಗಿಳಿಯಿತೋ ಏನೋ, ಒಂದು ಹೆಜ್ಜೆ ಹಿಂದೆ ಸರಿದ. ಫಿದೆನ್ಸಿಯೊ ಸಿಮೆಂಟಿನ ನೆಲಕ್ಕೆ ಬೆನ್ನು ಕೊಟ್ಟು ಬಿದ್ದ.

ಸ್ಟ್ರೆಚರಿನಲ್ಲಿ ಮಲಗಿದವನ ಮುಖವಾಡವನ್ನೂ ಯಾರೂ ಮುಟ್ಟುವುದಿಲ್ಲ, ಅದು ಇಲ್ಲಿನ ಕಟ್ಟಳೆ. ಹಿಂಬಾಗಿಲಲ್ಲಿ ತಮ್ಮನೇ ಅದನ್ನು ಕಳಚಿ ಅಂಗಿಯೊಳಗೆ ಬಚ್ಚಿಟ್ಟುಕೊಂಡ. ಇಟ್ಟಿಗೆ ರಾಶಿಯ ಮೇಲಿಂದ ಬಿದ್ದ ಕೂಲಿ ಎಂದು ಹೇಳಿ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ. ಸೊಂಟದ ಕೆಳಗೆ ಇನ್ನು ಜೀವವಿಲ್ಲ ಎಂದು ಡಾಕ್ಟರು ಹೇಳಿದ ದಿನ ಫಿದೆನ್ಸಿಯೊ ಅಳಲಿಲ್ಲ. ತಮ್ಮನ ಮುಂಗೈ ಹಿಡಿದುಕೊಂಡ.

"ತೇಯೊ, ಬರೋ ಸೋಮವಾರ ನೀನು ಹಾಕ್ಕೊಂಡು ಹೋಗು."

"ನನ್ನ ಕೈಲಾಗುತ್ತಾ ಅಣ್ಣ? ನಾನು ಬಲಗೈಯೋನು."

"ನನ್ನ ಕಾಲು ಹೋದ್ರೆ ಹೋಗ್ಲಿ ಕಣೋ. ಹಕ್ಕಿ ಹಾಸಿಗೆ ಹಿಡೀಬಾರದು."

ತೇಯೊ ಹೋದ. ಹೋಗುತ್ತಲೇ ಇದ್ದ. ಗೂಡಿನ ಹಿಂದೆ ಎಡಗೈಯಲ್ಲಿ ಹೊಡೆಯುವುದನ್ನು ಕಲಿತ. ಆದರೆ ಪೆಟ್ಟು ಬಿದ್ದು ತಲೆ ಗಿರ್ರೆಂದಾಗ ಬಲಗೈಯೇ ಮುಂದೆ ಬರುತ್ತಿತ್ತು. ಮಂಗಳವಾರ ಊದಿದ ಮುಖ ಹೊತ್ತು ಮಣ್ಣು ತುಳಿಯಲು ಬಂದರೆ ಜೊತೆಗಾರರು ಮುಸಿಮುಸಿ ನಗುತ್ತಿದ್ದರು. ಸೋಮವಾರ ಬಂತೆಂದರೆ ಕುಡಿದು ಚರಂಡಿಗೆ ಬೀಳುವವನು ಎಂದೇ ಊರು ನಂಬಿತ್ತು. ಹೆಣ್ಣು ಕೇಳಲು ಹೋದ ಮನೆಯವರು, ಸೋಮವಾರದ ಕುಡುಕನಿಗೆ ಮಗಳನ್ನು ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡರು. ಆ ಹುಡುಗಿಯನ್ನು ಅವನು ಬಹಳ ಇಷ್ಟಪಟ್ಟಿದ್ದ. ಅದೇ ಬೀದಿಯ ಮಕ್ಕಳು ಕಾಗದದ ಹಕ್ಕಿ ಮುಖವಾಡ ಕಟ್ಟಿಕೊಂಡು "ನಾನು ಅಲ್ಕರವಾನ್, ನಾನು ಅಲ್ಕರವಾನ್" ಎಂದು ಕಿತ್ತಾಡುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಮನೆಗೆ ನಡೆದ.

ಹೀಗಿರುವಾಗ ತಿಸೋನ್ ಮುಖವಾಡಕ್ಕೆ ಮುಖವಾಡ ಪಣವೊಡ್ಡಿದ. ಅಂದು ಒಬ್ಬನ ಬೆನ್ನು ಮುರಿದಿತ್ತು ಎಂಬುದೇ ಅವನಿಗೆ ತಿಳಿದಿರಲಿಲ್ಲ. ಮುಂದಿನ ಸೋಮವಾರವೇ ಅಲ್ಕರವಾನ್ ಎದ್ದು ಬಂದಿದ್ದನಲ್ಲ! ಪಣದಲ್ಲಿ ಸೋತವನು ರಿಂಗಿನ ನಡುವೆ ಮುಖವಾಡ ಕಳಚಿ, ತನ್ನ ನಿಜವಾದ ಹೆಸರು, ಊರು, ಎಷ್ಟು ವರ್ಷದ ಕುಸ್ತಿ ಎಂಬುದನ್ನು ಮೈಕಿನಲ್ಲಿ ಹೇಳಬೇಕು.

ಆ ಸಂಜೆ ಫಿದೆನ್ಸಿಯೊ ಗಾಲಿಕುರ್ಚಿಯಲ್ಲಿ ಕೂತು, ತನ್ನ ಮುಂದೆ ನೆಲದ ಮೇಲೆ ಕೂತ ತಮ್ಮನ ತಲೆಯ ಹಿಂದೆ ಮುಖವಾಡದ ಲಾಡಿ ಬಿಗಿಯುತ್ತಿದ್ದ. ಪ್ರತಿ ಸೋಮವಾರ ಆ ಕೈಗಳಿಗೆ ಉಳಿದಿದ್ದ ಕುಸ್ತಿ ಅದೊಂದೇ. ಎಡಚನ ಗಂಟು. ಬೇರೆಯವರಿಗೆ ಬಿಚ್ಚಲು ಬರುತ್ತಿರಲಿಲ್ಲ. ಅದರ ಮೇಲೆ ಕಂಬಳಿಯ ಮುಸುಕೆಳೆದು ಹಿತ್ತಿಲಿಂದ ಹೊರಟರೆ ಊರಿಗೆ ಸುಳಿವೇ ಸಿಗುತ್ತಿರಲಿಲ್ಲ.

"ಸೋತ್ರೆ ಯಾರ ಹೆಸರು ಹೇಳ್ತೀಯ?"

ತೇಯೊ ಬೂಟಿನ ದಾರ ಕಟ್ಟತೊಡಗಿದ.

"ನನ್ನ ಹೆಸರು ಹೇಳ್ಬೇಕು. ಹಕ್ಕೀನ ಹುಟ್ಸಿದ್ದು ನಾನು. ನಂಗೆ ಇನ್ನೇನು ಉಳಿದಿದೆ ಹೇಳು?"

"ನಂಗೇನು ಉಳಿದಿದೆ ಅಣ್ಣ? ಹದಿಮೂರು ವರ್ಷ ಒದೆ ತಿಂದೋನು ನಾನಲ್ವಾ? ಒಂದ್ಸಲ, ಒಂದೇ ಒಂದ್ಸಲ ನನ್ನ ಹೆಸರು…"

"ಆಣೆ ಹಾಕು. ಇಗರ್ಜಿ ರೆಮೇದಿಯೋಸ್ ಮಾತೆ ಮೇಲೆ."

ಲಾಡಿ ಕತ್ತಿಗೆ ಬಿಗಿಯಿತು. ತೇಯೊ ಆಣೆ ಹಾಕಿದ. ಫಿದೆನ್ಸಿಯೊ ತಾನೂ ಬರುತ್ತೇನೆಂದು ಹಟ ಹಿಡಿದ. ಅಂಗಣದಲ್ಲಿ ಗಾಲಿಕುರ್ಚಿಯನ್ನು ಮೊದಲ ಸಾಲಿನ ಕಂಬದ ಪಕ್ಕ ನಿಲ್ಲಿಸಿದರು. ತಾನು ಮಾತು ತಪ್ಪುತ್ತೇನೇನೋ ಎಂದು ಅಣ್ಣ ಕಾಯಲು ಬಂದಿದ್ದಾನೆ ಎಂದು ತೇಯೊನಿಗೆ ಸಿಟ್ಟು ಬಂತು. ಬರಬೇಕಾದದ್ದೇ.

ಮೊದಲ ಸುತ್ತು ಅಲ್ಕರವಾನನದು, ಎರಡನೆಯದು ತಿಸೋನನದು. ಮೂರನೆಯದರಲ್ಲಿ ಕೂಗಾಟ ನಿಂತು ಅಂಗಣಕ್ಕೆ ಅಂಗಣವೇ ಬಿಮ್ಮೆಂದು ಕೂತಿತ್ತು. ಬೀಜ ಜಗಿಯುವುದನ್ನೂ ಮರೆತಿದ್ದ ಹಿಲಾರಿಯಾ ಮಾತ್ರ ಕಿರುಚಿದಳು: "ಎಡಗೈ ಬಿಡೋ, ಮುಟ್ಠಾಳ!" ತೇಯೊ ಎಡಗೈ ಬೀಸಿದ. ತಡವಾಯಿತು. ತಿಸೋನ್ ಅದೇ ಕೈಯನ್ನು ಹಿಡಿದು ಹಿಂದಕ್ಕೆ ತಿರುಚಿ, ಅವನನ್ನು ಬೋರಲು ಕೆಡವಿ, ಬೆನ್ನ ಮೇಲೆ ಮಂಡಿಯೂರಿದ. ಹೆಗಲಿನಲ್ಲಿ ಏನೋ ಲಟಕ್ಕೆಂದಿತು.

"ಸೋತೆ ಅನ್ನು, ಬಿಡ್ತೀನಿ. ಯಾಕೆ ಕೈ ಮುರ್ಕೋತೀಯ?" ತಿಸೋನ್ ಕಿವಿಯಲ್ಲಿ ಉಸುರಿದ.

ಸೋತೆ ಎಂದರೆ ಸಾಕು, ಮುಖವಾಡ ಹೋಗುತ್ತದೆ, ಮೈಕು ಬರುತ್ತದೆ. ಆಣೆಯ ಪಾಪ ತೊಳೆಯಲು ಪಾದ್ರಿ ಇದ್ದಾರೆ. ಎಲೆವ್ತೇರಿಯೊ ಎಂಬವನೊಬ್ಬ ಭೂಮಿಯ ಮೇಲಿದ್ದಾನೆಂದು ಪುವೆಬ್ಲಾಕ್ಕೆ ಗೊತ್ತಾಗುತ್ತದೆ. ಬೇಕಿತ್ತು ಅವನಿಗೆ, ಹಸಿದವನಿಗೆ ಅನ್ನ ಬೇಕಾದಷ್ಟು ಬೇಕಿತ್ತು. ರೆಫರಿ ಬಗ್ಗಿ ಕೇಳಿದ. ತೇಯೊ ತಲೆಯಾಡಿಸಿದ, ಇಲ್ಲ. ಮತ್ತೆ ಕೇಳಿದ. ಇಲ್ಲ. ಹಕ್ಕಿ ತಾನಾಗಿ ಸೋಲಬಾರದು.

ತಿಸೋನನೇ ಬೇಸತ್ತು ಪಟ್ಟು ಬಿಟ್ಟು, ಅವನನ್ನು ಅಂಗಾತ ಹೊರಳಿಸಿ ಎದೆಯ ಮೇಲೆ ಬಿದ್ದ. ಎಡದೋಳು ಸತ್ತುಹೋಗಿತ್ತು, ಕೊಸರಲಾಗಲಿಲ್ಲ. ಒಂದು, ಎರಡು, ಮೂರು. ರೆಫರಿಯ ಅಂಗೈ ನೆಲಕ್ಕೆ ಬಡಿದ ಸದ್ದು ಹಿಂಬದಿಯ ಗೋಡೆಯವರೆಗೂ ಕೇಳಿಸಿತು.

ಲಾಡಿಯ ಗಂಟು ಒಂದೇ ಕೈಗೆ ಬಿಚ್ಚಲಿಲ್ಲ. ರೆಫರಿಗೂ ಬಿಚ್ಚಲಿಲ್ಲ. ಯಾರೋ ಚಾಕು ತಂದರು. ತೇಯೊ ಅದನ್ನು ತಳ್ಳಿ ಕೆಳಗಿಳಿದು ಕಂಬದ ಬಳಿ ಹೋಗಿ ಗಾಲಿಕುರ್ಚಿಗೆ ಬೆನ್ನು ಮಾಡಿ ಮಂಡಿಯೂರಿದ. ಫಿದೆನ್ಸಿಯೊ ಎಡಗೈಯಿಂದ ಲಾಡಿ ಎಳೆದ. ಗಂಟು ಬಿಚ್ಚಿತು. ಮುಖವಾಡ ಕಳಚಿದಾಗ ಜನ ಎದ್ದು ನಿಂತು ನೋಡಿದರು. ಇಟ್ಟಿಗೆ ಬಣ್ಣದ ಒಂದು ಸಾಧಾರಣ ಮುಖ, ಹುಬ್ಬಿನಿಂದ ಸುರಿಯುವ ರಕ್ತ, ಅಷ್ಟೇ.

ತೇಯೊ ಮೇಲೆ ಹತ್ತಿ ಮುಖವಾಡವನ್ನು ತಿಸೋನನ ಕೈಗಿಟ್ಟ. ಮೈಕು ಬಾಯಿಗೆ ಬಂತು.

"ಫಿದೆನ್ಸಿಯೊ ಕ್ವಾವ್ತ್ಲೆ," ಎಂದ. "ಸಾನ್ ದಿಯೇಗೊ ಊರು. ಇಪ್ಪತ್ತೆರಡು ವರ್ಷದಿಂದ—"

"ಸುಳ್ಳು!"

ಕಂಬದ ಬಳಿಯಿಂದ ಬಂದ ಕೂಗಿಗೆ ಎಲ್ಲರೂ ತಿರುಗಿದರು. ಫಿದೆನ್ಸಿಯೊ ಕುರ್ಚಿಯ ತೋಳು ಹಿಡಿದು ಏಳಲು ಹವಣಿಸುತ್ತಿದ್ದ, ಜೀವವಿಲ್ಲದ ಕಾಲಿನ ಮೇಲೆ.

"ಫಿದೆನ್ಸಿಯೊ ನಾನು! ಒಂಬತ್ತು ವರ್ಷ ನಂದು, ಅಷ್ಟೇ! ಆಮೇಲಿಂದೆಲ್ಲ ಇವನದು, ನನ್ನ ತಮ್ಮನದು! ಕೈ ಮುರೀತಿದ್ರೂ ಬಿಡ್ಲಿಲ್ಲ, ನೋಡಿದ್ರಲ್ಲ? ಹೇಳೋ ತೇಯೊ, ನಿನ್ನ ಹೆಸರು ಹೇಳೋ!"

ತೇಯೊ ಮೈಕು ಬಿಟ್ಟು ಹಗ್ಗದ ಬಳಿಗೆ ಬಂದ.

ಗೆದ್ದ ಮುಖವಾಡವನ್ನು ಎತ್ತಿ ಹಿಡಿದಿದ್ದ ತಿಸೋನನ ಕೈ ಮೆಲ್ಲಗೆ ಕೆಳಗಿಳಿಯಿತು. ಗಾಲಿಕುರ್ಚಿಯನ್ನು ನೋಡಿದ, ಕಾಲುಗಳನ್ನು ನೋಡಿದ. ಹಗ್ಗ ನುಸುಳಿ ಹೋಗಿ ಅದರ ಮುಂದೆ ನಿಂತ.

"ಅವತ್ತು… ನಾನು ಹಿಡೀಲಿಲ್ಲ, ಅಲ್ವಾ?"

"ನಾನೇ ದೂರ ಹಾರಿದ್ದು ಮಾರಾಯ," ಎಂದ ಫಿದೆನ್ಸಿಯೊ. "ನೀನು ನಿಂತಲ್ಲೇ ನಿಂತಿದ್ದೆ."

ತಿಸೋನ್ ಅದನ್ನು ನಂಬಲಿಲ್ಲ. ಹಕ್ಕಿಯ ಮುಖವಾಡವನ್ನು ಫಿದೆನ್ಸಿಯೊನ ಮಡಿಲಲ್ಲಿಟ್ಟು ಒಳಕ್ಕೆ ನಡೆದುಬಿಟ್ಟ.

ರೆಫರಿ ಮೈಕನ್ನು ಮತ್ತೆ ಹಿಡಿದ.

"ಎಲೆವ್ತೇರಿಯೊ," ಎಂದ ತೇಯೊ. ಧ್ವನಿ ಅವನಿಗೇ ಕೇಳಿಸಲಿಲ್ಲ. "ಎಲೆವ್ತೇರಿಯೊ ಕ್ವಾವ್ತ್ಲೆ. ಸಾನ್ ದಿಯೇಗೊ. ಹದಿಮೂರು ವರ್ಷ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಶಿಳ್ಳೆಯೂ ಇಲ್ಲ. ಏನು ಮಾಡಬೇಕೆಂದೇ ತೋಚದೆ ಜನ ಪಿಳಿಪಿಳಿ ನೋಡುತ್ತಿದ್ದರು. ತಾನು ಎಲ್ಲರಿಗೂ ಮೋಸ ಮಾಡಿದೆನೇ ಎಂದುಕೊಂಡ ತೇಯೊ. ಆಗ ಎರಡನೇ ಸಾಲಿನ ಮೂಲೆಯಲ್ಲಿ ಕುಂಬಳಬೀಜದ ಪೊಟ್ಟಣ ನೆಲಕ್ಕೆ ಚೆಲ್ಲಿತು. ಹಿಲಾರಿಯಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಕಣ್ಣಲ್ಲಿ ದಳದಳ ನೀರು.

"ನಂಗೊತ್ತಿತ್ತು ಕಣೋ! ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು!" ಎಂದು ಅಂಗಣವೆಲ್ಲ ಕೇಳುವಂತೆ ಅರಚಿದಳು. "ಲೋ ಎಲೆವ್ತೇರಿಯೊ! ಮುಟ್ಠಾಳ ಎಲೆವ್ತೇರಿಯೊ! ಬರೋ ಸೋಮವಾರ ಮುಖ ತೊಳ್ಕೊಂಡು ಬಾ, ಆ ಬಲಗೈಲೇ ಹೊಡಿ!"